ಕಲ್ಲು ಒಡೆಯುವ ಅಳಿಯ

ಬಂಡೇನಹಳ್ಳಿಯ ಅಪ್ಪಯ್ಯಣ್ಣ ತನ್ನ ಮಗಳಿಗೆ ಸರ್ಕಾರಿ ಆಫೀಸರನನ್ನು ತಂದಿದ್ದೇನೆಂದು ಸಾಸಲಿನಲ್ಲಿ, ದೊಡ್ಡಬಳ್ಳಾಪುರದ ಅಂಗಡಿ ಬೀದಿಯಲ್ಲಿ, ಕೊನೆಗೆ ಮಾಕಳಿದುರ್ಗದ ರೈಲು ನಿಲ್ದಾಣದಲ್ಲೂ ಯಾರೂ ಕೇಳದಿದ್ದರೂ ಹೇಳಿಕೊಂಡು ತಿರುಗಿದ್ದ. ಅಳಿಯ ವೆಂಕಟರಾಯಪ್ಪ ಹೊಸಕೋಟೆ ಕಡೆಯ ಒಕ್ಕಲು ಮನೆಯ ಹುಡುಗ. ಬೆಂಗಳೂರಿನಲ್ಲಿ ಬಿ.ಎಸ್ಸಿ. ಪಾಸು ಮಾಡಿ ಸಂಸ್ಥಾನದ ಸರ್ಕಾರದಲ್ಲಿ ಕೆಲಸ ಹಿಡಿದಿದ್ದ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅಪ್ಪಯ್ಯಣ್ಣ "ಭೂಮಿ ಇಲಾಖೆ" ಎನ್ನುತ್ತಿದ್ದ. ಅದು ಅಮಲ್ದಾರರಿಗಿಂತ ಮೇಲೋ ಕೆಳಗೋ ಅವನಿಗೂ ತಿಳಿದಿರಲಿಲ್ಲ. ಕೇಳಿದವರು ಮೇಲೆಂದೇ ತಿಳಿದುಕೊಳ್ಳಲಿ ಎಂದು ಮೀಸೆ ಮೇಲೆ ಕೈಯಾಡಿಸಿ ಸುಮ್ಮನಾಗುತ್ತಿದ್ದ.

ಅದು ಯುದ್ಧದ ಕಾಲ. ಸೀಮೆಎಣ್ಣೆಗೂ ಬಟ್ಟೆಗೂ ಪಡಿತರ. ಪೆಟ್ರೋಲಿಲ್ಲದ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಾ ಓಡಾಡುತ್ತಿದ್ದವು. ಹೆಚ್ಚು ಬೆಳೆಯಿರಿ, ಬಾವಿ ತೋಡಿರಿ ಎಂದು ಸರ್ಕಾರ ಊರೂರಲ್ಲಿ ತಮಟೆ ಹೊಡೆಸಿ ಹೇಳಿಸುತ್ತಿತ್ತು. ಎಲ್ಲಿ ತೋಡಿದರೆ ನೀರು ಸಿಗುತ್ತದೆ ಎಂದು ಹೇಳುವವರು ಬೇಕಲ್ಲ! ಹಾಗಾಗಿ ಆ ಬೇಸಿಗೆಯಲ್ಲಿ ಮಾಕಳಿದುರ್ಗದ ಬೆಟ್ಟದ ಸುತ್ತಿನ ಕಲ್ಲು, ಮಣ್ಣು, ಅಂತರ್ಜಲ ಪರೀಕ್ಷೆ ಮಾಡಲು ವೆಂಕಟರಾಯಪ್ಪನನ್ನು ಕಳಿಸಿದರು. ಗುಡಾರದಲ್ಲಿ ಯಾಕೆ ಇರಬೇಕು, ಮಾವನ ಮನೆ ಪಕ್ಕದಲ್ಲೇ ಇದೆಯಲ್ಲ ಎಂದು ಅವನು ಹೇಳಿ ಕಳಿಸಿದಾಗ ಅಪ್ಪಯ್ಯಣ್ಣ ಕುಣಿದಾಡುವುದೊಂದು ಬಾಕಿ. ಮಗಳು ಮುನಿಲಕ್ಷ್ಮಿಯೂ ತವರಿನಲ್ಲೇ ಇದ್ದಳು. ಮದುವೆಯಾಗಿ ವರ್ಷವಾಗಿದ್ದರೂ ಗಂಡ ಕಾಡುಮೇಡು ಅಲೆಯುವವನಾದ್ದರಿಂದ ಅವಳು ಅವನ ಮುಖ ನೋಡಿದ್ದು ಹಬ್ಬ ಹುಣ್ಣಿಮೆಗಳಲ್ಲಿ ಮಾತ್ರ.

ಅಪ್ಪಯ್ಯಣ್ಣ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿಸಿ, ಕಮಾನು ಗಾಡಿ ಕಟ್ಟಿಸಿ, ಜರಿ ರುಮಾಲು ಸುತ್ತಿಕೊಂಡು, ಊರಿನ ಕೆಲವು ಹಿರಿಯರನ್ನೂ ಕೂರಿಸಿಕೊಂಡು ನಿಲ್ದಾಣಕ್ಕೆ ಹೋದ. ಕೋಟು ಪೇಟದ ಆಫೀಸರು ಇಳಿಯುತ್ತಾರೆಂದು ಎಲ್ಲರೂ ಮೊದಲ ದರ್ಜೆಯ ಡಬ್ಬಿಯ ಕಡೆ ನೋಡುತ್ತಿದ್ದರೆ, ಹಿಂದಿನ ಡಬ್ಬಿಯಿಂದ ಖಾಕಿ ಚಡ್ಡಿ, ದಪ್ಪ ಬೂಟು, ಬಿಸಿಲಿಗೆ ಬಣ್ಣಗೆಟ್ಟ ಹ್ಯಾಟು ಹಾಕಿದ ಒಬ್ಬ ಕಪ್ಪನೆಯ ಯುವಕ ಇಳಿದು, ಎರಡು ಮರದ ಪೆಟ್ಟಿಗೆಗಳನ್ನು ತಾನೇ ಇಳಿಸಿಕೊಂಡ. ಪೆಟ್ಟಿಗೆಯನ್ನು ಗಾಡಿಗೆ ಎತ್ತುವಾಗ ಮುಚ್ಚಳ ತೆರೆದುಕೊಂಡು ಸುತ್ತಿಗೆ, ಉಳಿ, ಕಬ್ಬಿಣದ ಸರಪಳಿ ಎಲ್ಲ ಠಣಠಣನೆ ನೆಲಕ್ಕೆ ಬಿದ್ದವು.

ಅದೇ ಹೊತ್ತಿಗೆ ಪಿಳ್ಳಪ್ಪ ಅಲ್ಲಿರಬೇಕೆ? ಪಿಳ್ಳಪ್ಪ ಅಪ್ಪಯ್ಯಣ್ಣನ ಚಿಕ್ಕಪ್ಪನ ಮಗ, ದಾಯಾದಿ, ಪಕ್ಕದ ಹೊಲದವನು. ಮುನಿಲಕ್ಷ್ಮಿಯ ಮದುವೆ ಊಟದಲ್ಲಿ ಅವನು ಪಂಕ್ತಿಯ ನಡುವೆ ಕೂತು "ಒಬ್ಬಟ್ಟಿನ ಸಾರು ನೀರಾಗೈತೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಈಗಲೂ ಅವನು ಮಾತಾಡಿದ್ದು ಅಪ್ಪಯ್ಯಣ್ಣನೊಂದಿಗಲ್ಲ, ಪಕ್ಕದಲ್ಲಿದ್ದ ಕಂಬದೊಂದಿಗೆ.

"ಆಫೀಸರು ಅಂದಿದ್ರು. ಕಲ್ಲು ಒಡಿಯೋಕೆ ಬಂದಂಗೈತಲ್ಲ!"

ಹಿರಿಯರು ಕೆಮ್ಮಿನಲ್ಲಿ ನಗೆ ಅಡಗಿಸಿಕೊಂಡರು. ಅಪ್ಪಯ್ಯಣ್ಣನ ಮುಖ ಕೆಂಪಾಯಿತು. ವೆಂಕಟರಾಯಪ್ಪ ಮಾತ್ರ ಸುತ್ತಿಗೆಯನ್ನು ಒರೆಸಿ ಪೆಟ್ಟಿಗೆಯಲ್ಲಿಡುತ್ತಾ, "ಹೌದು ಮಾವ, ಅದಕ್ಕೇ ಬಂದಿರೋದು" ಎಂದು ಸಲೀಸಾಗಿ ಹೇಳಿಬಿಟ್ಟ.

ಮಾರನೆಯ ಬೆಳಗಿನಿಂದಲೇ ಅವನ ಕೆಲಸ ಶುರುವಾಯಿತು. ಕೋಳಿ ಕೂಗುತ್ತಿದ್ದಂತೆ ಎದ್ದು, ಹಳ್ಳ ದಿಣ್ಣೆ ಹತ್ತಿ ಇಳಿದು, ಕಂಡ ಕಂಡ ಬಂಡೆಯ ಮೂಲೆ ಒಡೆದು, ಚೂರನ್ನು ಭೂತಗನ್ನಡಿಯಲ್ಲಿ ನೋಡಿ, ನಾಲಿಗೆ ತಾಗಿಸಿಯೂ ನೋಡಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಊರಿನ ಬಾವಿಗಳಿಗೆ ಹಗ್ಗ ಇಳಿಬಿಟ್ಟು ನೀರಿನ ಮಟ್ಟ ಅಳೆಯುತ್ತಿದ್ದ. ಅಪ್ಪಯ್ಯಣ್ಣ ಹೆಂಡತಿ ಲಕ್ಷ್ಮೀದೇವಮ್ಮನಿಂದ ಕಾಯಿ ಹಾಲು, ಶಾವಿಗೆ, ಕೋಳಿ ಸಾರು, ಮುದ್ದೆ ಎಂದು ಹಬ್ಬದ ಅಡಿಗೆ ಮಾಡಿಸಿಟ್ಟರೆ ಅಳಿಯನ ಪತ್ತೆಯೇ ಇಲ್ಲ.

"ಅಳಿಯಂದ್ರು ಬಿಸಿಲಲ್ಲಿ ಕಲ್ಲು ನೆಕ್ಕತಾವ್ರಂತೆ ಕಣ್ರೀ" ಎಂದಳು ಲಕ್ಷ್ಮೀದೇವಮ್ಮ ಕಣ್ಣು ಒರೆಸಿಕೊಳ್ಳುತ್ತಾ. "ನಾನು ಇಷ್ಟೆಲ್ಲ ಮಾಡಿಟ್ಟಿವ್ನಿ. ಅವ್ರಿಗೆ ಕಲ್ಲೇ ರುಚಿ ಆಯ್ತಾ?"

"ಮೆತ್ತಗೆ ಮಾತಾಡೇ. ಜಗಲಿ ಮೇಲೆ ಜನ ಅವ್ರೆ."

ಮುನಿಲಕ್ಷ್ಮಿ ಅಳಲಿಲ್ಲ. ಮುದ್ದೆ ಸಾರನ್ನು ಬುತ್ತಿ ಕಟ್ಟಿಕೊಂಡು ಗಂಡ ಇದ್ದಲ್ಲಿಗೇ ಹೊರಟಳು. ಮೊದಲ ದಿನ ಬುತ್ತಿ ಕೊಟ್ಟು ಬಂದಳು. ಎರಡನೆಯ ದಿನ ಅಲ್ಲೇ ಕುಳಿತು ಬೆಣಚುಕಲ್ಲು ಯಾವುದು, ಅಭ್ರಕ ಯಾವುದು ಎಂದು ಕೇಳಿ ತಿಳಿದುಕೊಂಡಳು. ಆಮೇಲೆ ನೋಡಿದರೆ ಅಳತೆ ಸರಪಳಿಯ ಒಂದು ತುದಿ ವೆಂಕಟರಾಯಪ್ಪನ ಕೈಯಲ್ಲಿ, ಇನ್ನೊಂದು ತುದಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮುನಿಲಕ್ಷ್ಮಿಯ ಕೈಯಲ್ಲಿ! ಗಂಡ ಹೆಂಡತಿ ಹಾಡಹಗಲು ಹೊಲದಲ್ಲಿ ಸರಪಳಿ ಹಿಡಿದು ಓಡಾಡುವುದನ್ನು ನೋಡಲು ಊರಿನ ಹೆಂಗಸರು ಬೇಕೆಂದೇ ಆ ದಾರಿಯಲ್ಲಿ ನೀರಿಗೆ ಹೋಗತೊಡಗಿದರು. ಅಪ್ಪಯ್ಯಣ್ಣ ಸಾಸಲಿಗೆ ಹೋಗುವುದನ್ನೇ ಬಿಟ್ಟ.

ಒಂದು ದಿನ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಸಾಸಲಿನ ಶ್ಯಾನುಭೋಗರೇ ಆಫೀಸರನ್ನು ಕಾಣಬೇಕೆಂದು ಮನೆಗೆ ಬಂದರು. ಅವರಿಗೆ ಮಜ್ಜಿಗೆ ಕೊಡಿಸಿ, "ಈಗ ಕರ್ಕಂಡ್ ಬತ್ತೀನಿ ಸ್ವಾಮಿ" ಎಂದು ಅಪ್ಪಯ್ಯಣ್ಣ ಜರಿ ರುಮಾಲು ಸುತ್ತಿಕೊಂಡು ಬೆಟ್ಟದ ಕಡೆ ಓಡಿದ. ಮುನಿಲಕ್ಷ್ಮಿ ಅಂದು ಬೇಗ ಮನೆಗೆ ಬಂದಿದ್ದಳು. ವೆಂಕಟರಾಯಪ್ಪ ಬೆಟ್ಟದ ಬುಡದ ಪೊದೆಗಳ ನಡುವೆ, ಆನೆಯಷ್ಟು ದೊಡ್ಡ ಬಂಡೆಯ ಮೇಲೆ ಒಬ್ಬನೇ ಕುಳಿತಿದ್ದ.

"ಅಳಿಯಂದ್ರೇ, ಶ್ಯಾನುಭೋಗ್ರು ಬಂದು ಕಾಯ್ತಾವ್ರೆ. ಆ ಚಡ್ಡಿ ಬಿಟ್ಟು ಪಂಚೆನಾದ್ರೂ..."

ವೆಂಕಟರಾಯಪ್ಪ ತುಟಿಗೆ ಬೆರಳಿಟ್ಟು, ಬೇಗ ಹತ್ತಿ ಬನ್ನಿ ಎಂದು ಕೈ ಸನ್ನೆ ಮಾಡಿದ. ಅಪ್ಪಯ್ಯಣ್ಣನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಪಕ್ಕದ ಕಾರೆ ಪೊದೆಯಾಚೆಯಿಂದ ಕಮ್ಮಾರನ ತಿದಿ ಒತ್ತಿದಂತೆ ಬುಸ್ ಬುಸ್ ಎಂಬ ಸದ್ದು ಬಂತು. ಪೊದೆ ಅಲುಗಿತು. ಕರಡಿ! ಬೆನ್ನ ಮೇಲೊಂದು ಮರಿಯನ್ನು ಹೊತ್ತುಕೊಂಡು ಹುತ್ತವೊಂದನ್ನು ಉಗುರಿನಿಂದ ಬಗೆಯುತ್ತಿತ್ತು.

ಆ ಬಂಡೆಯನ್ನು ತಾನು ಹೇಗೆ ಹತ್ತಿದೆನೆಂದು ಅಪ್ಪಯ್ಯಣ್ಣನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅಳಿಯ ರಟ್ಟೆ ಹಿಡಿದು ಎಳೆದದ್ದು ಮಾತ್ರ ನೆನಪು. ರುಮಾಲು ಕೆಳಗೆ ಬಿತ್ತು.

"ಅಲುಗಾಡಬೇಡಿ ಮಾವ" ಎಂದು ವೆಂಕಟರಾಯಪ್ಪ ಪಿಸುಗುಟ್ಟಿದ. "ಅದಕ್ಕೆ ಮೂಗು ಚುರುಕು, ಕಣ್ಣು ಮಂದ. ಗೆದ್ದಲು ತಿನ್ನೋಕೆ ಬಂದಿದೆ, ನಮ್ಮನ್ನಲ್ಲ."

"ಇದೂ ನಿಮ್ಮ ಓದಲ್ಲಿ ಬತ್ತದಾ?"

"ಕಾಡಲ್ಲಿ ಕೆಲಸ ಅಲ್ವಾ, ನೋಡಿ ನೋಡಿ ಗೊತ್ತಾಗಿದೆ. ಸುಮ್ಮನಿರಿ."

ತಾಯಿ ಕರಡಿ ಹುತ್ತದ ತೂತಿಗೆ ಮೂತಿಯಿಟ್ಟು ಗಾಳಿ ಊದುವುದು, ಹೀರುವುದು, ಮತ್ತೆ ಬಗೆಯುವುದು. ಮರಿ ಬೆನ್ನಿನಿಂದ ಜಾರಿಬಂದು ರುಮಾಲನ್ನು ಕಂಡಿತು. ಮೊದಲು ಮೂಸಿತು, ಆಮೇಲೆ ಹೊಡೆಯಿತು, ಆಮೇಲೆ ಅದರ ಒಂದು ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಹಿಂದಕ್ಕೆ ಹಿಂದಕ್ಕೆ ಹೋಗತೊಡಗಿತು. ಜರಿ ರುಮಾಲು ಉದ್ದಕ್ಕೆ ಬಿಚ್ಚಿಕೊಂಡಿತು. ಮದುವೆಗೆಂದು ದೊಡ್ಡಬಳ್ಳಾಪುರದಲ್ಲಿ ನೇಯಿಸಿದ ರುಮಾಲು. ಮರಿ ಅದರಲ್ಲಿ ಸುತ್ತಿಕೊಂಡು ಉರುಳಾಡುವಾಗ ಅಪ್ಪಯ್ಯಣ್ಣನಿಗೆ ಹೊಟ್ಟೆ ಉರಿಯಿತು. ಆದರೂ, ಯಾಕೋ, ನಗುವೂ ಬಂತು. ಅಳಿಯನ ಮುಖ ನೋಡಿದ. ಅವನೂ ಕೆನ್ನೆಯುಬ್ಬಿಸಿ ನಗು ತಡೆದುಕೊಂಡಿದ್ದ. ಒಂದೇ ಬಂಡೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತ ಮಾವ ಅಳಿಯಂದಿರು ಅಂದಿನವರೆಗೆ ಮನಸ್ಸು ಬಿಚ್ಚಿ ಒಂದು ಮಾತೂ ಆಡಿರಲಿಲ್ಲ.

ಕರಡಿ ಹೋಗುವ ಲಕ್ಷಣ ಕಾಣಲಿಲ್ಲ. ಇನ್ನೇನು ಮಾಡುವುದು ಎಂದು ವೆಂಕಟರಾಯಪ್ಪ ಕೈ ಚಾಚಿ ಕೆಳಗಿನ ಬಯಲನ್ನು ತೋರಿಸಿದ.

"ಮಾವ, ಇಲ್ಲಿಂದ ನೋಡಿ. ಬೆಟ್ಟದ ಬುಡದಿಂದ ಕರಿ ಗುಂಡುಗಳ ಒಂದು ಸಾಲು ಹೋಗ್ತಿದೆಯಲ್ಲ, ದಾರ ಹಿಡಿದ ಹಾಗೆ ನೆಟ್ಟಗೆ?"

ಅಪ್ಪಯ್ಯಣ್ಣ ಹುಟ್ಟಿದಾಗಿನಿಂದ ಆ ಕಲ್ಲುಗಳನ್ನು ಕಂಡಿದ್ದ. ನೇಗಿಲಿಗೆ ಅಡ್ಡ ಬರುವ ಪೀಡೆಗಳು. ಆದರೆ ಅವು ಸಾಲಾಗಿವೆ ಎಂಬುದು ಇಂದು ಮೇಲಿನಿಂದ ನೋಡಿದಾಗಲೇ ಕಂಡದ್ದು.

"ಈ ಬೆಟ್ಟ, ಈ ಹೊಲ ಎಲ್ಲ ಬಿಳಿಕಲ್ಲಿನ ನೆಲ. ಎಣಿಕೆಗೆ ಸಿಗದಷ್ಟು ವರ್ಷದ ಹಿಂದೆ ಅದು ಉದ್ದಕ್ಕೆ ಬಿರುಕು ಬಿಡ್ತು. ಭೂಮಿಯೊಳಗೆ ಕುದೀತಿದ್ದ ಕಲ್ಲು ಆ ಬಿರುಕಲ್ಲಿ ಮೇಲಕ್ಕೆ ಬಂದು ಅಲ್ಲೇ ಗಟ್ಟಿಯಾಯ್ತು. ಅದೇ ಕರಿಕಲ್ಲು."

ಅಪ್ಪಯ್ಯಣ್ಣ ಯೋಚಿಸಿದ. "ಆಲೆಮನೇಲಿ ನೆಲ ಬಿರುಕು ಬಿಟ್ಟಿದ್ರೆ ಬೆಲ್ಲದ ಪಾಕ ಇಳಿದು ಹೆಪ್ಪಾಯ್ತದಲ್ಲ, ಹಂಗೆ."

"ಅದೇ ಮಾವ! ಪಾಕ ಮೇಲಿಂದ ಇಳಿಯುತ್ತೆ, ಇದು ಕೆಳಗಿಂದ ಹತ್ತಿದ್ದು, ಅಷ್ಟೇ ವ್ಯತ್ಯಾಸ. ಮೇಲೆ ಕಾಣೋ ಗುಂಡುಗಳು ಬರೀ ತಲೆ. ಕೆಳಗೆ ಆಳದವರೆಗೂ ಗೋಡೆ ಇದೆ. ಬೆಟ್ಟದ ಮೇಲೆ ಬಿದ್ದ ಮಳೆ ನೆಲದೊಳಗೆ ಇಂಗಿ ಪೂರ್ವಕ್ಕೆ ಜಿನುಗಿ ಬರುತ್ತೆ. ಈ ಗೋಡೆ ಅದನ್ನು ತಡೀತದೆ. ಕೆರೆ ಏರಿ ನೆಲದ ಮೇಲಿರುತ್ತೆ. ಇದು ನೆಲದೊಳಗಿನ ಏರಿ. ಗೋಡೆಯ ಈಚೆ, ಬೆಟ್ಟದ ಕಡೆ ಹೊಂಗೆ, ಅತ್ತಿ ಎಲ್ಲ ಈ ಬಿಸಿಲಲ್ಲೂ ಹಸಿರಾಗಿವೆ. ಆಚೆ ತಂಗಡಿ ಗಿಡ ಕೂಡ ಒಣಗಿದೆ."

ಅಪ್ಪಯ್ಯಣ್ಣ ಕತ್ತು ಚಾಚಿ ನೋಡಿದ. ಶಿವರಾತ್ರಿ ಕಳೆಯುತ್ತಿದ್ದಂತೆ ಬತ್ತಿಹೋಗುವ ತನ್ನ ಬಾವಿ ಕಣ್ಣ ಮುಂದೆ ಬಂತು. ಅಪ್ಪನ ಕಾಲದಿಂದ ಅದನ್ನು ಆಳ ಮಾಡುತ್ತಲೇ ಬಂದಿದ್ದರು.

"ಹಂಗಾದ್ರೆ ನಮ್ಮ ಬಾವಿ?"

"ಏರಿಯ ಹಿಂದುಗಡೆ ಇದೆ ಮಾವ. ಎಷ್ಟು ತೋಡಿದ್ರೂ ಅಷ್ಟೇ."

"ನೀರು ನಿಂತಿರೋ ಕಡೆ ಯಾರ ಹೊಲ?" ಎಂದು ಕೇಳುವಷ್ಟರಲ್ಲಿ ಉತ್ತರ ಅವನಿಗೇ ಹೊಳೆಯಿತು. ಗೋಡೆಯಿಂದ ಬೆಟ್ಟದ ಕಡೆಗಿರುವ ಹೊಲ ಪಿಳ್ಳಪ್ಪನದು. ಅಲ್ಲಿ ಬಾವಿಯೇ ಇರಲಿಲ್ಲ. ಮಳೆ ನಂಬಿ ಹುರುಳಿ ಚೆಲ್ಲುವ ಕಲ್ಲು ಹೊಲ.

ಕರಡಿ ಕೊನೆಗೆ ಮರಿಯನ್ನು ಕರೆದುಕೊಂಡು ಪೊದೆಯೊಳಗೆ ಇಳಿದುಹೋಯಿತು. ಇಬ್ಬರೂ ಮನೆಗೆ ಬಂದಾಗ ಶ್ಯಾನುಭೋಗರು ಕಾದು ಕಾದು ಎದ್ದು ಹೋಗಿದ್ದರು.

ಬೆಳಗ್ಗೆ ಅಪ್ಪಯ್ಯಣ್ಣ ಅಳಿಯನನ್ನು ಕೊಟ್ಟಿಗೆಯ ಮೂಲೆಗೆ ಕರೆದ.

"ನಂಗೊಂದು ಯೋಚನೆ ಬಂದೈತೆ. ನಮ್ಮ ಬಾವಿ ಆ ಗೋಡೆ ಪಕ್ಕದಲ್ಲೇ ಐತೆ. ಬಾವಿ ತಳದಿಂದ ಅಡ್ಡಕ್ಕೆ ತೂತು ಕೊರೆದ್ರೆ? ಗೋಡೆ ದಾಟಿದ್ರೆ ನೀರು ನಮ್ಮ ಬಾವಿಗೇ ಬಂದು ಬೀಳಲ್ವಾ? ಮೇಲಿದ್ದೋರಿಗೆ ಗೊತ್ತೇ ಆಗಲ್ಲ."

ವೆಂಕಟರಾಯಪ್ಪ ಮಾವನನ್ನು ಮೆಚ್ಚುಗೆಯಿಂದಲೇ ನೋಡಿದ. ಒಂದೇ ಸಂಜೆಯಲ್ಲಿ ಇಷ್ಟು ಅರ್ಥ ಮಾಡಿಕೊಂಡವರು ಅವನ ಕಚೇರಿಯಲ್ಲೂ ಕಡಿಮೆ. "ಬೀಳುತ್ತೆ ಮಾವ. ಲೆಕ್ಕ ಸರಿಯಾಗೇ ಇದೆ. ಆದ್ರೆ ಒಬ್ಬರ ಮನೆ ಗೋಡೆಗೆ ಅವರಿಗೆ ಹೇಳದೆ ತೂತು ಕೊರೆದ್ರೆ ಅದಕ್ಕೆ ಏನಂತಾರೆ?"

ಅಪ್ಪಯ್ಯಣ್ಣ ಎತ್ತಿನ ಗಂಗೆದೊಗಲು ಸವರುತ್ತಾ ನಿಂತ.

"ಪಿಳ್ಳಪ್ಪ ಮಾವನಿಗೆ ನಾನು ಹೇಳಲೇಬೇಕು. ಸರ್ಕಾರ ನನ್ನನ್ನು ಕಳಿಸಿರೋದು ನೀರೆಲ್ಲಿದೆ ಅಂತ ಹೇಳೋಕೆ. ಎಲ್ಲಿದೆ ಅಂತ ಮುಚ್ಚಿಡೋಕಲ್ಲ."

"ಹೇಳ್ಕೊಳ್ಳಿ ಹೋಗಿ" ಎಂದು ಅಪ್ಪಯ್ಯಣ್ಣ ಸಿಡುಕಿ, ಮುಖ ತಿರುಗಿಸಿಕೊಂಡು ಹೋಗಿ ಜಗಲಿಯ ಮೇಲೆ ಕುಳಿತ.

ವೆಂಕಟರಾಯಪ್ಪ ಹೋಗಿ ಹೇಳಿದ. ಪಿಳ್ಳಪ್ಪ ಎಲ್ಲವನ್ನೂ ಕೇಳಿಸಿಕೊಂಡು ಗಹಗಹಿಸಿ ನಕ್ಕ. "ನನ್ನ ಹೊಲದಲ್ಲಿ ನೀರೈತೆ ಅಂತ ನಿಮ್ಮ ಮಾವ ನಂಗೆ ಹೇಳಿ ಕಳಿಸ್ತಾನಾ? ಆ ಹೊಲದಲ್ಲಿ ಕಾಗೆ ಕುಡಿಯೋಷ್ಟೂ ನೀರಿಲ್ಲ ಕಣಪ್ಪ. ನಾನು ತೋಡಿ ತೋಡಿ ಸುಸ್ತಾಗಿ ಬೀಳೋದನ್ನ ನೋಡ್ಬೇಕು ಅಂತ ಅಣ್ಣನಿಗೆ ಆಸೆ." ಸಂಜೆಯ ಹೊತ್ತಿಗೆ ಅದು ಊರಿಡೀ ಹಬ್ಬಿತು. ಅಳಿಯನ ಕೈಲಿ ಸುಳ್ಳು ಹೇಳಿಸಿ ಅಪ್ಪಯ್ಯಣ್ಣ ದಾಯಾದಿಗೆ ಗುಂಡಿ ತೋಡಿಸುತ್ತಿದ್ದಾನಂತೆ ಎಂದು ಅರಳಿಕಟ್ಟೆಯಲ್ಲಿ ಒಬ್ಬರಿಗಿಂತ ಒಬ್ಬರು ಜೋರಾಗಿ ನಕ್ಕರು.

ಮುನಿಲಕ್ಷ್ಮಿ ನೀರಿಗೆ ಹೋದಾಗ ಆ ನಗು ಕೇಳಿಸಿಕೊಂಡು ಬಂದಳು. ಬಿಂದಿಗೆಯನ್ನು ಧಡ್ಡೆಂದು ಇಳಿಸಿ ಅಪ್ಪನ ಎದುರು ನಿಂತಳು.

"ಅಪ್ಪ, ಅವ್ರನ್ನ ಸುಳ್ಳುಗಾರ ಅಂತಾವ್ರೆ. ಅವ್ರು ಹೇಳಿದ್ದು ನಿಜ ಅಂತ ಈ ಊರಲ್ಲಿ ಗೊತ್ತಿರೋದು ನಿಂಗೊಬ್ಬನಿಗೇ. ಬಂಡೆ ಮೇಲಿಂದ ನೋಡಿದ್ದೀಯ. ಗೊತ್ತಿದ್ದೂ ಇಲ್ಲಿ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದೀಯಲ್ಲ!"

"ನಾನೇನು ಮಾಡ್ಲಿ? ಆ ಪಿಳ್ಳನ ಬಾಗಿಲು ತುಳಿ ಅಂತೀಯಾ?"

"ಹೂಂ, ತುಳಿ."

ಅಪ್ಪಯ್ಯಣ್ಣ ಎದ್ದ. ತಲೆಗೆ ಸುತ್ತಲು ರುಮಾಲಿರಲಿಲ್ಲ. ಬರೀ ಟವಲನ್ನು ಹೆಗಲ ಮೇಲೆ ಹಾಕಿಕೊಂಡು ಬೀದಿಯುದ್ದಕ್ಕೂ ಎಲ್ಲರೂ ನೋಡುತ್ತಿರುವಂತೆಯೇ ನಡೆದು ಪಿಳ್ಳಪ್ಪನ ಬಾಗಿಲಲ್ಲಿ ನಿಂತ.

"ಲೇ ಪಿಳ್ಳ! ಹೊರಗೆ ಬಾರೋ."

ಪಿಳ್ಳಪ್ಪ ಬಂದ. ಅವನ ಹೆಂಡತಿ ಮುನಿವೆಂಕಟಮ್ಮನೂ ಬಂದಳು.

"ನನ್ನ ಅಳಿಯ ಹೇಳಿದ್ದು ನಿಜ. ನೀರು ನಿನ್ನ ಹೊಲದಾಗೈತೆ, ನನ್ನ ಹೊಲದಾಗಿಲ್ಲ. ನಿನ್ನ ಪುಣ್ಯ, ನನ್ನ ಕರ್ಮ. ನನ್ನ ಆಳುಗಳನ್ನೇ ಹಚ್ಚಿ ತೋಡಿಸ್ತೀನಿ, ನೀನು ಗುದ್ದಲಿ ಮುಟ್ಟಬೇಡ. ನೀರು ಬರ್ಲಿಲ್ಲ ಅಂದ್ರೆ ಈ ಮೀಸೆ ಬೋಳಿಸ್ಕೊಂಡು ನಿನ್ನ ಮನೆ ಮುಂದೆ ಮೂರು ಸಲ ಹಾಯ್ತೀನಿ. ಆಯ್ತಾ?"

ಪಿಳ್ಳಪ್ಪ ಅಣ್ಣನ ಮೀಸೆಯನ್ನೇ ನೋಡಿದ. ಆ ಮೀಸೆಯ ಮೇಲೆ ಅಣ್ಣನಿಗೆ ಎಷ್ಟು ಪ್ರೀತಿಯೆಂದು ಊರಿಗೇ ಗೊತ್ತಿತ್ತು. ಮುನಿವೆಂಕಟಮ್ಮ ಒಳಗಿನಿಂದ ಒಂದು ಚೊಂಬು ಮಜ್ಜಿಗೆ ತಂದು ಭಾವನ ಮುಂದೆ ಎಂದು ಸಂಕೋಚ ಪಡದೆ ಇಬ್ಬರಿಗೂ ಕೇಳುವಂತೆಯೇ ಹೇಳಿದಳು: "ಸಾರು ನೀರಾಯ್ತು ಅಂದಿದ್ದಕ್ಕೆ ವರ್ಷವೆಲ್ಲ ಮಾತು ಬಿಟ್ರಿ. ಈಗ ನೀರು ನೀರು ಅಂತ ನೀವೇ ಬಂದ್ರಿ. ಕುಡೀರಿ, ಇದು ಗಟ್ಟಿಯಾಗೇ ಐತೆ."

ಅಪ್ಪಯ್ಯಣ್ಣ ಕುಡಿದ. ಗಟ್ಟಿಯಾಗೇ ಇತ್ತು.

ಕರಿಕಲ್ಲಿನ ಸಾಲಿನ ಪಕ್ಕ, ವೆಂಕಟರಾಯಪ್ಪ ಗೂಟ ಹೊಡೆದ ಜಾಗದಲ್ಲಿ ಬಾವಿ ತೋಡುವ ಸೊಣ್ಣಪ್ಪ ತನ್ನ ಜನರೊಂದಿಗೆ ಕೆಲಸ ಹಿಡಿದ. ಮೊದಲು ಕೆಮ್ಮಣ್ಣು, ಆಮೇಲೆ ಗರಸು, ಆಮೇಲೆ ಕೈಯಲ್ಲಿ ಹಿಂಡಿದರೆ ಪುಡಿಯಾಗುವ ಕೊಳೆತ ಬಿಳಿಕಲ್ಲು. "ಇಂಥ ಕಲ್ಲಲ್ಲೇ ನೀರು ಕೂರೋದು" ಎಂದು ವೆಂಕಟರಾಯಪ್ಪ ಹುರುಪಿನಿಂದ ಹೇಳಿದ. ಬಾವಿಯ ಸುತ್ತ ದಿನವೂ ಜನ. ಗುದ್ದಲಿ ಮುಟ್ಟಬೇಡ ಎಂದರೂ ಪಿಳ್ಳಪ್ಪ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಮಣ್ಣಿನ ಬುಟ್ಟಿ ಎಳೆಯುತ್ತಿದ್ದ. ಅಪ್ಪಯ್ಯಣ್ಣನಿಗೂ ಅವನಿಗೂ ಹಗ್ಗದ ವಿಷಯಕ್ಕೆ, ಬುಟ್ಟಿಯ ವಿಷಯಕ್ಕೆ ಜಗಳಗಳಾದವು. ಆದರೆ ಅವು ಮಾತಾಡುತ್ತಾ ಆಡುವ ಜಗಳಗಳು.

ಎರಡಾಳು ಆಳ ದಾಟಿದ ಮೇಲೆ ಒಂದು ಮಧ್ಯಾಹ್ನ ಹಾರೆ ಠಣ್ ಎಂದಿತು. ಮತ್ತೊಂದು ಏಟಿಗೆ ಕಿಡಿ ಹಾರಿತು. ಸೊಣ್ಣಪ್ಪ ಕೆಳಗಿನಿಂದ ಕೂಗಿದ: "ಕರಿಕಲ್ಲು ಸ್ವಾಮಿ! ತಳ ಪೂರಾ ಕರಿಕಲ್ಲು! ಒಂದು ತೊಟ್ಟು ಪಸೆ ಇಲ್ಲ!"

ಜನರಲ್ಲಿ ಗುಸುಗುಸು ಎದ್ದಿತು. ಕ್ಷೌರದವನನ್ನು ಕರೆಸಿ ಎಂದು ಯಾರೋ ಹಿಂದಿನಿಂದ ಕೂಗಿದರು. ಅಪ್ಪಯ್ಯಣ್ಣ ಮೀಸೆಗೆ ಕೈಹಾಕಿಕೊಂಡು ದಡದಲ್ಲೇ ಕುಳಿತ. ವೆಂಕಟರಾಯಪ್ಪ ಹಗ್ಗ ಹಿಡಿದು ಕೆಳಗಿಳಿದ. ಬಹಳ ಹೊತ್ತು ಮೇಲೆ ಬರಲಿಲ್ಲ. ಸುತ್ತಿಗೆಯ ಸದ್ದು ಕೇಳುತ್ತಿತ್ತು. ಮುನಿಲಕ್ಷ್ಮಿ ದಡದಲ್ಲಿ ಬಗ್ಗಿ, ಅವನು ಕೇಳಿದಾಗ ದಿಕ್ಸೂಚಿಯನ್ನೂ ತೂಕದ ದಾರವನ್ನೂ ಬುಟ್ಟಿಯಲ್ಲಿಟ್ಟು ಇಳಿಸಿದಳು.

ಮೇಲೆ ಬಂದಾಗ ಅವನ ಮುಖ ಬೆವರಿನಲ್ಲಿ ತೊಯ್ದಿತ್ತು. ಅವನು ಎಲ್ಲರಿಗೂ ಕೇಳುವಂತೆ ಹೇಳಿದ.

"ತಪ್ಪು ನನ್ನದು. ಕರಿಕಲ್ಲಿನ ಗೋಡೆ ನೆಟ್ಟಗೆ ನಿಂತಿದೆ ಅಂದ್ಕೊಂಡಿದ್ದೆ. ಅದು ಆಳಕ್ಕೆ ಹೋದಂತೆ ಬೆಟ್ಟದ ಕಡೆಗೆ ಓರೆಯಾಗಿ ಇಳಿದಿದೆ. ಮೇಲೆ ಗೋಡೆಯ ಪಕ್ಕ ತೋಡಿದ್ವಿ, ಕೆಳಗೆ ಗೋಡೆಯ ಬೆನ್ನಿನ ಮೇಲೇ ಬಂದು ನಿಂತಿದ್ದೀವಿ. ಇನ್ನೂ ಪಶ್ಚಿಮಕ್ಕೆ ಸರಿಯಬೇಕಿತ್ತು. ನಾನು ಅಳತೆ ಮಾಡಿ ನೋಡಬೇಕಾಗಿತ್ತು, ನೋಡಲಿಲ್ಲ."

ಸರ್ಕಾರದವರೊಬ್ಬರು ಹೊಲದ ನಡುವೆ ನಿಂತು ತಪ್ಪು ನನ್ನದು ಎಂದದ್ದನ್ನು ಆ ಊರಿನವರು ಯಾವತ್ತೂ ಕೇಳಿರಲಿಲ್ಲ. ಅಪ್ಪಯ್ಯಣ್ಣ ನಿಧಾನವಾಗಿ ಎದ್ದು, "ಹೋಗ್ಲಿ ಬಿಡಿ ಅಳಿಯಂದ್ರೇ. ಮೀಸೆ ಮತ್ತೆ ಬೆಳೀತದೆ" ಎಂದ.

"ಕೂತ್ಕೊಳೋ ಅಣ್ಣ!" ಎಂದು ಪಿಳ್ಳಪ್ಪ ಗದರಿದ. ಮಣ್ಣು ಮೆತ್ತಿದ ಕೈಗಳನ್ನು ಪಂಚೆಗೆ ಒರೆಸಿಕೊಂಡು ಮುಂದೆ ಬಂದ. "ಮೋಸ ಮಾಡೋನು ತಪ್ಪು ನಂದು ಅಂತ ಯಾವತ್ತಾದ್ರೂ ಅಂತಾನಾ? ಆ ಹುಡುಗ ಅಂದ. ನಂಗೆ ಈಗ ನಂಬಿಕೆ ಬಂತು. ಲೇ ಸೊಣ್ಣಪ್ಪ, ಎಲ್ಲಿ ತೋರಿಸ್ತಾರೋ ಅಲ್ಲಿ ಅಗಿ. ಹುರುಳಿ ಹೊಲ ಪೂರಾ ಗುಂಡಿ ಆದ್ರೂ ಚಿಂತೆಯಿಲ್ಲ. ಕ್ಷೌರದೋನ್ನ ಕರೆಸಿ ಅಂದೋನು ಯಾವನೋ ಅವ್ನು? ಬಾ, ಬುಟ್ಟಿ ಹಿಡಿ!"

ಕೂಗಿದವನು ಬಂದು ಬುಟ್ಟಿ ಹಿಡಿದ. ಅವನ ಹಿಂದೆ ಇನ್ನೂ ನಾಲ್ಕಾರು ಜನ ಬಂದರು. ಈ ಸಲ ವೆಂಕಟರಾಯಪ್ಪನೂ ಮುನಿಲಕ್ಷ್ಮಿಯೂ ಒಂದು ಬೆಳಗೆಲ್ಲ ಸರಪಳಿ ಹಿಡಿದು, ಗೋಡೆಯ ಓರೆಯನ್ನು ಲೆಕ್ಕ ಹಾಕಿ, ಪಶ್ಚಿಮಕ್ಕೆ ಒಂದು ಅತ್ತಿ ಮರದ ಕಡೆಗೆ ಹೊಸ ಗೂಟ ಹೊಡೆದರು. ಹಳೆಯ ಗುಂಡಿಯ ಮಣ್ಣೇ ಪಕ್ಕದಲ್ಲಿ ಗುಡ್ಡೆ ಬಿದ್ದಿತ್ತು. ಹೊಸ ಗುಂಡಿ ಅದಕ್ಕಿಂತ ಬೇಗ ಇಳಿಯಿತು, ಯಾಕೆಂದರೆ ಈಗ ಅರ್ಧ ಊರೇ ತೋಡುತ್ತಿತ್ತು.

ಮೂರಾಳು ಆಳದಲ್ಲಿ ಕೊಳೆತ ಕಲ್ಲಿನ ಬಣ್ಣ ಬದಲಾಯಿತು. ಪುಡಿಯಾಗುತ್ತಿದ್ದದ್ದು ಉಂಡೆಯಾಗತೊಡಗಿತು. ಸೊಣ್ಣಪ್ಪ ಒಂದು ಹಿಡಿ ಮಣ್ಣನ್ನು ಬುಟ್ಟಿಯಲ್ಲಿಟ್ಟು ಕಳಿಸಿದ. ಪಿಳ್ಳಪ್ಪ ಹಿಂಡಿದ. ಬೆರಳ ಸಂದಿಯಿಂದ ಒಂದು ಹನಿ ಇಳಿಯಿತು. ಆಮೇಲೆ ಅಪ್ಪಯ್ಯಣ್ಣ ಹಿಂಡಿದ. ಇನ್ನೊಂದು ಹನಿ.

ಮಾರನೆಯ ದಿನ ಬಾವಿಯ ಪೂರ್ವದ ಮಗ್ಗುಲಲ್ಲಿ ಹಾರೆಯೇಟಿಗೆ ಕಲ್ಲಿನ ಹಲ್ಲೆಯೊಂದು ಕಳಚಿಬಿತ್ತು. ಅದರ ಹಿಂದೆ ಇದ್ದದ್ದು ಅದೇ ಕರಿಕಲ್ಲಿನ ಗೋಡೆ. ಗೋಡೆಗೂ ಕೊಳೆತ ಕಲ್ಲಿಗೂ ನಡುವಿನ ಸಂದಿಯಿಂದ ಹೆಬ್ಬೆರಳಿನ ಗಾತ್ರದ ನೀರು ಗುಳುಗುಳು ಎಂದು ಚಿಮ್ಮತೊಡಗಿತು. ಒಂದಲ್ಲ, ಆ ಸಂದಿಯುದ್ದಕ್ಕೂ ಅಲ್ಲಲ್ಲಿ. ಸೊಣ್ಣಪ್ಪನ ಜನ ಗುದ್ದಲಿಗಳನ್ನು ಬಿಟ್ಟು, ಮೊಣಕಾಲವರೆಗೆ ನೀರು ಬಂದಾಗ ಕೂಗುತ್ತಾ ಮೇಲಕ್ಕೆ ಹತ್ತಿದರು. ಗುದ್ದಲಿಗಳನ್ನು ಮಾರನೆಯ ದಿನ ಮುಳುಗಿ ತೆಗೆಯಬೇಕಾಯಿತು.

ದಡದಲ್ಲಿ ಲಕ್ಷ್ಮೀದೇವಮ್ಮನೂ ಮುನಿವೆಂಕಟಮ್ಮನೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಗ್ಗಿ ನೋಡುತ್ತಿದ್ದರು. ಪಿಳ್ಳಪ್ಪ ಅರಿಶಿನ ಕುಂಕುಮ, ತೆಂಗಿನಕಾಯಿ ತರಲು ಮನೆಗೆ ಓಡಿದವನು ಅವಸರದಲ್ಲಿ ಕಾಯಿ ಮರೆತು ಬಂದ, ಮತ್ತೆ ಓಡಿದ. ಅಪ್ಪಯ್ಯಣ್ಣ ಮಾತ್ರ ಅಳಿಯನ ಹತ್ತಿರ ಹೋಗಿ, ಅವನ ಹ್ಯಾಟನ್ನು ತೆಗೆದು ಮಣ್ಣು ಕೊಡವಿ ಮತ್ತೆ ಅವನ ತಲೆಯ ಮೇಲೆ ನೆಟ್ಟಗೆ ಇಟ್ಟ.

ನೀರಿನ ಹಂಚಿಕೆಯ ಮಾತು ಅಲ್ಲೇ, ಕಾಯಿ ಒಡೆದ ಮೇಲೆ ನಡೆಯಿತು. ಅಪ್ಪಯ್ಯಣ್ಣ ಕೇಳಲಿಲ್ಲ. ಪಿಳ್ಳಪ್ಪನೇ ಎತ್ತಿದ.

"ಬಾವಿ ನನ್ನ ಹೊಲದಾಗೈತೆ, ತೋಡಿದ್ದು ನೀನು. ಕಪಿಲೆ ಕಟ್ಟೋಕೆ ನಂಗೆ ಒಂದೇ ಜೋಡಿ ಎತ್ತು, ಅದೂ ಮುದಿ. ನಿನ್ನ ಎತ್ತು ಗಟ್ಟಿ ಅವೆ. ನಿನ್ನ ಹೊಲ ತಗ್ಗಿನಾಗೈತೆ, ಕಾಲುವೆ ಬಿಟ್ರೆ ನೀರು ತಾನಾಗೇ ಹರಿದು ಹೋಗ್ತದೆ. ಒಂದು ದಿನ ನಂಗೆ, ಒಂದು ದಿನ ನಿಂಗೆ. ಏನಂತೀಯ?"

"ಕಾಲುವೆ ಕರಿಕಲ್ಲಿನ ಸಾಲು ದಾಟಬೇಕಲ್ಲೋ."

"ಎರಡು ಗುಂಡು ಉರುಳಿಸಿದ್ರೆ ದಾರಿ ಆಯ್ತದೆ. ನಿನ್ನ ಅಳಿಯ ಅವ್ರಲ್ಲ, ಕಲ್ಲು ಒಡಿಯೋಕೆ!"

ಈ ಸಲ ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವನು ಅಪ್ಪಯ್ಯಣ್ಣ.

ಕಪಿಲೆ ಕಟ್ಟಿದ್ದಾಯಿತು. ಎತ್ತುಗಳು ಎಳೆದ ಚರ್ಮದ ಬಾನೆಯಿಂದ ಸುರಿದ ನೀರು ಕಾಲುವೆಯಲ್ಲಿ ಹರಿದು ಎರಡೂ ಹೊಲಗಳನ್ನು ತೋಯಿಸಿತು. ಆ ಬೇಸಿಗೆಯಲ್ಲೇ ಪಿಳ್ಳಪ್ಪ ಈರುಳ್ಳಿ ನಾಟಿ ಹಾಕಿದ, ಅಪ್ಪಯ್ಯಣ್ಣ ರಾಗಿ ಪೈರಿನ ಸಸಿಮಡಿ ಮಾಡಿ ಒಟ್ಲು ಬಿಟ್ಟ. ಸುತ್ತಲಿನ ಹಳ್ಳಿಗಳ ರೈತರು ಗಾಡಿ ಕಟ್ಟಿಕೊಂಡು ಬಂದು ವೆಂಕಟರಾಯಪ್ಪನನ್ನು ತಮ್ಮ ಹೊಲಗಳಿಗೂ ಕರೆದೊಯ್ದರು. ಕೆಲವು ಕಡೆ ನೀರಿದೆ ಎಂದ, ಕೆಲವು ಕಡೆ ಇಲ್ಲ ಎಂದ, ಕೆಲವು ಕಡೆ ನನಗೆ ತಿಳಿಯುತ್ತಿಲ್ಲ ಎಂದ. ಜನ ಮೂರನ್ನೂ ನಂಬಿದರು.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಅವನಿಗೆ ಬೇರೆ ಕಡೆಗೆ ಹೋಗುವಂತೆ ಆಜ್ಞೆ ಬಂತು. ದೇವನಹಳ್ಳಿಯ ಆಚೆ ಎಲ್ಲೋ ಗುಡಾರದ ವಾಸ. ಹೊರಡುವ ಹಿಂದಿನ ದಿನ ಮುನಿಲಕ್ಷ್ಮಿಯೂ ತನ್ನ ಟ್ರಂಕು ತುಂಬುತ್ತಿರುವುದನ್ನು ಲಕ್ಷ್ಮೀದೇವಮ್ಮ ಕಂಡಳು.

"ನೀನೆಲ್ಲಿಗೆ ಹೋಗ್ತೀಯೇ? ಬಟ್ಟೆ ಮನೇಲಿ ಸಂಸಾರ ಮಾಡ್ತೀಯಾ? ಹಾವು, ಚೇಳು..."

"ಅಮ್ಮ, ಸರಪಳಿಯ ಆ ತುದಿ ಹಿಡಿಯೋರು ಯಾರು? ಜವಾನ ಹಿಡಿದ್ರೆ ಸಡಿಲ ಬಿಡ್ತಾನೆ, ಅಳತೆ ತಪ್ಪುತ್ತೆ."

"ಕೇಳಿದ್ರಾ ಇವಳ ಮಾತು?" ಎಂದು ಲಕ್ಷ್ಮೀದೇವಮ್ಮ ಗಂಡನ ಕಡೆ ತಿರುಗಿದಳು. ಅಪ್ಪಯ್ಯಣ್ಣ ಮಗಳನ್ನು ಒಂದು ಕ್ಷಣ ನೋಡಿ, "ಆ ರಾಗಿ ಹಿಟ್ಟಿನ ಡಬ್ಬ ದೊಡ್ಡದು ಕೊಡೇ" ಎಂದ. "ಇಬ್ಬರಿಗೆ ಚಿಕ್ಕದು ಸಾಲಲ್ಲ."

ನಿಲ್ದಾಣಕ್ಕೆ ಎರಡು ಗಾಡಿಗಳು ಹೋದವು. ಎರಡನೆಯದು ಪಿಳ್ಳಪ್ಪನದು. ಅದರಲ್ಲಿ ಹೊಸ ಬಾವಿಯ ನೀರಲ್ಲಿ ಬೆಳೆದ ಸೊಪ್ಪು, ಒಂದು ಬುಟ್ಟಿ ಹಲಸಿನ ತೊಳೆ, ಮುನಿವೆಂಕಟಮ್ಮ ಮಾಡಿದ ಒಬ್ಬಟ್ಟು. ಮೋಡ ಕವಿದಿತ್ತು. ಹಸಿ ಮಣ್ಣಿನ ಗಾಳಿ ಬೀಸುತ್ತಿತ್ತು. ಮುನಿಲಕ್ಷ್ಮಿ ಕಿಟಕಿಯ ಪಕ್ಕ ಕುಳಿತು, ರೈಲು ಹೊರಡುವವರೆಗೂ ಅಪ್ಪ ಅಮ್ಮನೊಂದಿಗೆ ಮಾತಾಡುತ್ತಲೇ ಇದ್ದಳು. ಹೊರಟ ಮೇಲೆ ಕಣ್ಣು ಒರೆಸಿಕೊಂಡಳು.

ಸ್ವಲ್ಪ ಹೊತ್ತಿಗೆ ರೈಲು ಕಣಿವೆಯ ತಿರುವಿನಲ್ಲಿ ನಿಧಾನವಾಯಿತು. ಹಳಿಗಾಗಿ ಕಡಿದ ದಿಣ್ಣೆಯ ಮಗ್ಗುಲು ಮಳೆಯಲ್ಲಿ ತೊಳೆದು ಹೊಳೆಯುತ್ತಿತ್ತು. ಅದರಲ್ಲಿ ಗುಲಾಬಿ ಬಣ್ಣದ ಒಂದು ಪಟ್ಟೆ ಹಾವಿನಂತೆ ಹರಿದುಹೋಗಿತ್ತು.

"ಇದು ಯಾವ ಕಲ್ಲು?" ಎಂದು ಅವಳು ಕೇಳಿದಳು.

ವೆಂಕಟರಾಯಪ್ಪ ಅವಳ ಮೇಲಿಂದ ಬಗ್ಗಿ, ಅರ್ಧ ಮೈ ಕಿಟಕಿಯಿಂದ ಹೊರಗೆ ಹಾಕಿ ನೋಡಿದ. ತಿರುವು ದಾಟುವವರೆಗೂ ನೋಡಿದ.

"ಗೊತ್ತಿಲ್ಲ" ಎಂದ. "ಒಂದಿನ ಇಬ್ಬರೂ ಬಂದು ನೋಡೋಣ."